ಅನುಮಾನದ ಬೀಗಗಳು

ಬೀಗದ ಕಾರ್ಖಾನೆಯ ಟೈಪಿಸ್ಟಮ್ಮ ಆರು ಜನರನ್ನು ಕೆಲಸದಿಂದ ತೆಗೆಯುವ ಕಾಗದಗಳನ್ನು ಸೋಮವಾರವೇ ಟೈಪು ಮಾಡಿಟ್ಟಿದ್ದಳು. ತಾರೀಖು ಮಾತ್ರ ಶುಕ್ರವಾರದ್ದು. 'ಗುರುವಾರದ ಸಭೆಯಲ್ಲಿ ತಾವು ಹೇಳಿದ್ದನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ' ಎಂಬ ಸಾಲೂ ಅವುಗಳಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಮ್ಯಾನೇಜರು ಹೇಳಿದ್ದರು, ಇವಳು ಟೈಪು ಹೊಡೆದಿದ್ದಳು. ಆರನೆಯ ಹೆಸರು ಬಂದಾಗ ಮಾತ್ರ ಬೆರಳು ನಿಂತುಬಿಟ್ಟಿತು. ಅದು ಕಿವಿಯಣ್ಣನದು.

ಬೀಗವನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಕೀಲಿ ತಿರುಗಿಸಿದರೆ ಸಾಕು, ಒಳಗಿನ ಸ್ಪ್ರಿಂಗು ಸರಿಯಿದೆಯೋ ಇಲ್ಲವೋ ಹೇಳಿಬಿಡುವ ಆಸಾಮಿ ಅವನು. ಅದಕ್ಕೇ ಆ ಹೆಸರು. ಅವನ ಜೊತೆ ಬೀಗ ಜೋಡಿಸುವ ಹನ್ನೆರಡು ಮಂದಿಯೂ ಅನುಮಾನ ಬಂದ ಬೀಗವನ್ನೆಲ್ಲ ಸದ್ದಿಲ್ಲದೆ ಅವನ ಟ್ರೇಗೆ ಹಾಕುತ್ತಿದ್ದರು. ಹದಿನೆಂಟು ವರ್ಷದ ರೂಢಿ. ಆದರೆ ಕೆಟ್ಟ ಬೀಗ ಯಾವ ಟ್ರೇಯಲ್ಲಿ ಸಿಗುತ್ತದೋ ಆ ಟ್ರೇಯವರ ನಂಬರಿಗೇ ಬರೆಯುವುದು ಕಾರ್ಖಾನೆಯ ಲೆಕ್ಕ. ಯಾರನ್ನು ತೆಗೆಯಬೇಕು ಎಂದು ಅಂಕ ಹಾಕಿದಾಗ ಎಲ್ಲರಿಗಿಂತ ಕೆಳಗೆ ಬಂದವನು, ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವನೇ! ಅವನ ಮೇಜಿನ ಪಕ್ಕದಲ್ಲೇ ದಿನಾ ಬುತ್ತಿ ಬಿಚ್ಚುತ್ತಿದ್ದ ಟೈಪಿಸ್ಟಮ್ಮನಿಗೆ ಇದೆಲ್ಲ ಗೊತ್ತಿತ್ತು.

ಗುರುವಾರ ಸಭೆ ಸೇರಿತು. ಸೂಪರ್‌ವೈಸರು ಅಂಕಗಳ ಪಟ್ಟಿ ಓದಿ ಬಾಗಿಲ ಹತ್ತಿರ ಹೋಗಿ ನಿಂತ. ನಡೆದದ್ದನ್ನು ಬರೆದುಕೊಳ್ಳಲು ಅವಳೂ ಕೂತಳು.

"ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಬಹುದು," ಎಂದರು ಮ್ಯಾನೇಜರು, ಗಡಿಯಾರ ನೋಡುತ್ತ.

ಕಿವಿಯಣ್ಣ ಎದ್ದ. "ಸಾರ್, ನನ್ನ ಟ್ರೇಲಿ ಕೆಟ್ಟ ಬೀಗ ಜಾಸ್ತಿ ಇರೋದು ನಿಜ. ಆದ್ರೆ ಅವು ನಾನು ಜೋಡಿಸಿದ್ದಲ್ಲ. ಅಲ್ಲಿಗೆ ಹೇಗೆ ಬಂದ್ವು ಅಂತ ಒಂದು ಮಾತು ಕೇಳಿ ನೋಡಿ."

ಅಷ್ಟೇ. ಇಂಥವರು ಹಾಕಿದರು ಎಂದು ಒಬ್ಬರ ಕಡೆಗೂ ಬೆರಳು ತೋರಿಸಲಿಲ್ಲ. ತನ್ನ ಅನ್ನಕ್ಕೇ ಕಲ್ಲು ಬೀಳುವಾಗಲೂ ಜೊತೆಯವರ ಮಾನ ಕಾಯುವ ಮನುಷ್ಯರು ಎಷ್ಟು ಜನ ಸಿಗುತ್ತಾರೆ, ಹೇಳಿ? ಜೊತೆಯವರೋ, ನೆಲ ನೋಡುತ್ತ ಕೂತರು. ಆ ಬೀಗಗಳು ತಮ್ಮ ತಮ್ಮ ನಂಬರಿಗೆ ವಾಪಸು ಬಂದರೆ ನಾಳೆ ತಮ್ಮ ಸರದಿ ಎಂಬ ದಿಗಿಲು ಅವರಿಗೆ.

"ಆಯ್ತು, ಗಮನಿಸ್ತೀವಿ," ಎಂದ ಮ್ಯಾನೇಜರು ಟೈಪಿಸ್ಟಮ್ಮನ ಕಡೆ ತಿರುಗಿದರು. "ಬರ್ಕೊಳಮ್ಮ, ನೌಕರರು ಹೇಳಿದ್ದನ್ನ ಕೂಲಂಕಷವಾಗಿ ಪರಿಶೀಲಿಸಲಾಯಿತು."

ಬಾಯಿ ಬಿಟ್ಟರೆ ಏಳನೆಯ ಕಾಗದ ತನ್ನದೇ, ಅದನ್ನೂ ತಾನೇ ಟೈಪು ಮಾಡಬೇಕು ಎಂದು ಅವಳಿಗೆ ಗೊತ್ತಿತ್ತು. ಪೆನ್ನು ಕೆಳಗಿಟ್ಟಳು.

"ಅದನ್ನ ಸೋಮವಾರವೇ ಬರೆದಾಗಿದೆ ಸಾರ್. ನೀವೇ ಹೇಳಿ ಟೈಪ್ ಮಾಡಿಸಿದ್ರಲ್ಲ, ಆರು ಕಾಗದ. ನನ್ನ ಡ್ರಾಯರ್‌ನಲ್ಲಿವೆ."

ಭಲೇ ಹೆಣ್ಣೇ! ಮ್ಯಾನೇಜರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಅವರೇನು ಕೆಟ್ಟವರಲ್ಲ, ಮೇಲಿನವರು ಅವಸರ ಮಾಡಿದಾಗ ತಲೆ ಆಡಿಸಿದವರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಆ ಕಾಗದ ತಂದು ಇಲ್ಲೇ ಹರಿದು ಹಾಕಮ್ಮ. ಯಾರ ವಿಷಯನೂ ಇನ್ನೂ ತೀರ್ಮಾನ ಆಗಿಲ್ಲ. ಈಗ ನಿಜವಾಗ್ಲೂ ಕೇಳ್ತಿದ್ದೀನಿ. ಇವರ ಟ್ರೇಗೆ ಬೀಗ ಹಾಕ್ತಿದ್ದೋರು ಯಾರು?"

ಹೋದ ತಿಂಗಳಷ್ಟೇ ಸೇರಿದ್ದ ಹುಡುಗಿ ಕೈ ಎತ್ತಿದಳು. ಅವಳ ಪಕ್ಕದವನು ಎತ್ತಿದ. ಅದರಾಚೆ ಇಬ್ಬರು. ಟೈಪಿಸ್ಟಮ್ಮ ಎಣಿಸುತ್ತ ಹೋದಳು, ಹನ್ನೆರಡೂ ಆಯಿತು. ತಲೆಯೆತ್ತಿ ನೋಡಿದರೆ, ಬಾಗಿಲ ಹತ್ತಿರ ಹದಿಮೂರನೆಯ ಕೈ. ಆ ಅಂಕಗಳನ್ನು ಹಾಕಿದ ಸೂಪರ್‌ವೈಸರು ನಿಂತಿದ್ದ, ಪಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು.

"ಅನುಮಾನ ಬಂದ ಬೀಗ ನಾನೂ ಇವನ ಟ್ರೇಗೇ ಹಾಕಿದ್ದೀನಿ ಸಾರ್," ಎಂದ.