ಸಕ್ಕರೆಗೆ ಕಟ್ಟಿದ ದಾರ

"ಸಕ್ಕರೆ... ಲೋ ಸಕ್ಕರೆ, ಬಾರೋ ಇಲ್ಲಿ. ಏನ್ಲಾ, ಕಿವಿ ಮಂದ ಆಯ್ತಾ ನಿಂಗೆ?"

ಲಕ್ಷ್ಮಿದೇವಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಮೂರನೇ ಸಲ ಕರೆದಳು. ಮೂರು ತಿಂಗಳ ಬಿಳಿ ಪಾಮೇರಿಯನ್ ಮರಿ ನುಗ್ಗೆಮರದ ಬುಡದಲ್ಲಿ ನೆಲಕ್ಕೆ ಮೂತಿ ಊರಿಕೊಂಡು ಮಲಗಿತ್ತು. ಕಣ್ಣು ತೆರೆದೇ ಇತ್ತು, ಆದರೆ ಏಳಲಿಲ್ಲ. ಜೊತೆಗೆ ಹುಟ್ಟಿದ ಬೆಣ್ಣೆ ಸತ್ತು ಹನ್ನೆರಡು ದಿನ. ಅವತ್ತಿನಿಂದ ಹೀಗೇ. ಬಟ್ಟಲಿಗೆ ಅನ್ನ ಹಾಕಿದರೆ ಅರ್ಧ ತಿಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಇನ್ನೊಬ್ಬ ಬಂದು ತಿನ್ನಲಿ ಅಂತ. ನೋಡಿದರೆ ಎಂಥವರ ಕರುಳೂ ಚುರುಕ್ ಅನ್ನಬೇಕು.

ಒಳಗೆ ಸೊಸೆ ದಿವ್ಯ ಮರಿಯ ಸಾಮಾನು ಕಟ್ಟುತ್ತಿದ್ದಳು. ಬಟ್ಟಲು, ಹಳೇ ಟವೆಲ್ಲು, ಹಳೇ ಕಾಲುಚೀಲ ಸುತ್ತಿ ಮಾಡಿದ ಚೆಂಡು, ಇಂಜೆಕ್ಷನ್ ಬರೆಯುವ ಪುಸ್ತಕ. ಅವಳ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಗಿರಿರಾಜ್ ಹನ್ನೊಂದು ಗಂಟೆಗೆ ಕೆಂಗೇರಿಯಿಂದ ಬಂದು ಮರಿಯನ್ನು ಕರೆದುಕೊಂಡು ಹೋಗುವವನಿದ್ದ, ಅವನ ಮನೆಗೇ, ಖಾಯಮ್ಮಾಗಿ. ದಿವ್ಯಳ ಗಂಡ ಗೌತಮ್ ಎರಡು ದಿನ "ಬೇಡ ಕಣೇ" ಅಂದು ನೋಡಿ, ಇವತ್ತು ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಫ್ಯಾಕ್ಟರಿಗೆ ಹೊರಟುಹೋಗಿದ್ದ. ಕಳಿಸಿಕೊಡುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

"ಇನ್ನೊಂದ್ಸಲ ಯೋಚ್ನೆ ಮಾಡವ್ವ," ಎಂದಳು ಲಕ್ಷ್ಮಿದೇವಮ್ಮ, ಬಾಗಿಲಿಗೆ ಮುಖ ಮಾಡಿ.

"ಮಾಡಿದೀನಿ ಅತ್ತೆ. ಎರಡಕ್ಕೂ ಇಂಜೆಕ್ಷನ್ ಆಗಿತ್ತು. ಆದ್ರೂ ಬೆಣ್ಣೆ ಉಳೀಲಿಲ್ಲ. ಇಂಜೆಕ್ಷನ್ನಿಗೂ ಬಗ್ಗದೇ ಇರೋ ರೋಗ ನಾನು ಮನೆಗೆ ತಂದಿದೀನಿ. ಇವನಿಗೆ ಬರಲ್ಲ ಅಂತ ಏನ್ ಗ್ಯಾರಂಟಿ? ಇವನೂ ನನ್ನ ಕೈಲಿ ಹೋದ್ರೆ ನನಗೆ ತಡೆಯಕ್ಕಾಗಲ್ಲ."

ದಿವ್ಯಳ ಕೆಲಸ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವುದು. ಅನ್ನಪೂರ್ಣೇಶ್ವರಿ ನಗರ, ಜ್ಞಾನಭಾರತಿ ಎಲ್ಲ ಸುತ್ತಿ ಸಂಜೆ ಉಲ್ಲಾಳದ ಬಸ್‌ಸ್ಟಾಪಿನಲ್ಲಿ ಇಳಿದರೆ ಅಲ್ಲಿ ಐದು ಬೀದಿಮರಿಗಳು ಅವಳ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಒಂದು ಪ್ಯಾಕೆಟ್ ಬಿಸ್ಕತ್ತು ಹಾಕಿ ಬರುತ್ತಿದ್ದಳು. ಒಂದೇ ವಾರದಲ್ಲಿ ಆ ಐದೂ ಸತ್ತವು. ಅದೇ ವಾರ ಮನೆಯಲ್ಲಿ ಬೆಣ್ಣೆ ವಾಂತಿ ಮಾಡಿಕೊಂಡಿತು, ಆಮೇಲೆ ರಕ್ತಭೇದಿ. "ಚಪ್ಪಲಿಯಲ್ಲೂ ಬರತ್ತಮ್ಮ ಈ ರೋಗ. ಇಂಜೆಕ್ಷನ್ ಆಗಿದ್ರೂ ಅಪರೂಪಕ್ಕೆ ತಗುಲತ್ತೆ," ಎಂದರು ಡಾಕ್ಟರು. ನಾಲ್ಕು ದಿನ ಡ್ರಿಪ್ಸ್ ಹಾಕಿಸಿದರು. ಐದನೇ ಬೆಳಿಗ್ಗೆ ದಿವ್ಯಳ ತೊಡೆಯ ಮೇಲೆ ಪ್ರಾಣ ಹೋಯಿತು. "ಬೆಣ್ಣೆ, ಬೆಣ್ಣೆ, ಕಣ್ಣು ಬಿಡೋ" ಎಂದು ಅವಳು ಎಷ್ಟು ಕರೆದರೂ ಅದು ಕಿವಿಯನ್ನೂ ಆಡಿಸಲಿಲ್ಲ.

ಅವತ್ತು ಸಂಕಟಕ್ಕೋ ಸಿಟ್ಟಿಗೋ ಲಕ್ಷ್ಮಿದೇವಮ್ಮ ಒಂದು ಮಾತು ಆಡಿಬಿಟ್ಟಿದ್ದಳು: "ಬೀದಿ ನಾಯಿನೆಲ್ಲ ಮುಟ್ಟಿ ಮನೇಗ್ ಬಂದ್ರೆ ಇನ್ನೇನಾಯ್ತದೆ?" ಅಷ್ಟೇ. ದಿವ್ಯ ಎದುರಾಡಲಿಲ್ಲ. ಮಾರನೇ ದಿನದಿಂದ ಚಪ್ಪಲಿಯನ್ನು ಗೇಟಿನಾಚೆ ಬಿಟ್ಟು, ಬಕೆಟ್ಟಿನಲ್ಲಿ ಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಬರತೊಡಗಿದಳು. ಉಳಿದ ಮರಿಯನ್ನು ಮುಟ್ಟುವುದನ್ನೇ ಬಿಟ್ಟಳು. ಅದು ಹತ್ತಿರ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಇರಲಿ, ಹೋಗುವ ಮಗುವಿಗೆ ಹೊಸ ದಾರವನ್ನಾದರೂ ಕಟ್ಟಿ ಕಳಿಸೋಣ ಅಂದುಕೊಂಡಳು ಲಕ್ಷ್ಮಿದೇವಮ್ಮ. ಹೇಗೂ ಅಮಾವಾಸ್ಯೆ, ದಾರ ಬದಲಿಸುವ ದಿನ. ದೇವರ ಮುಂದಿಟ್ಟಿದ್ದ ಕರಿದಾರ, ಸಣ್ಣ ಕತ್ತರಿ ತಂದಳು, ಕನ್ನಡಕ ಹಾಕಿಕೊಂಡಳು. ನುಗ್ಗೆಮರದ ಹತ್ತಿರ ಹೋಗಿ ಮರಿಯನ್ನು ಎತ್ತಿ ತಂದು, ಮೆಟ್ಟಿಲ ಮೇಲೆ ಕೂತು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡಳು. ಮುಂಗಾಲಿನ ಹಳೇ ದಾರವನ್ನು ಕತ್ತರಿಸಿ ತೆಗೆದಳು. ಮರಿ ಮೈ ಮುರಿದು ಹಿಂಗಾಲನ್ನು ಅವಳ ಮುಖದ ಹತ್ತಿರಕ್ಕೇ ಚಾಚಿತು.

ಎಡ ಹಿಂಗಾಲು. ಅಂಗಾಲಿನ ಮೆತ್ತೆಗಳೆಲ್ಲ ಕಪ್ಪು. ನಡುವಿನದರ ಮೇಲೆ ಮಾತ್ರ ಹೆಸರುಕಾಳಿನಷ್ಟು ಗುಲಾಬಿ ಮಚ್ಚೆ.

"ಅಯ್ಯೋ ನನ್ನಪ್ಪ," ಎಂದಳು.

ಆ ಮಚ್ಚೆ ಬೆಣ್ಣೆಯದು. ಮರಿಗಳು ಮನೆಗೆ ಬಂದ ದಿನ ಅಂಗಾಲಿಗೆ ಹರಳೆಣ್ಣೆ ಹಚ್ಚುವಾಗ ಅವಳೇ ಕಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಅದೇನು ದೊಡ್ಡ ವಿಷಯವೇ?

ಹದಿಮೂರು ವರ್ಷ ಜೊತೆಗಿದ್ದ ಪಿಂಕಿ ಎಂಬ ಮುದಿ ನಾಯಿ ಕಳೆದ ವರ್ಷ ಸತ್ತಮೇಲೆ ಈ ಮನೆಯಲ್ಲಿ ಅತ್ತೆ ಸೊಸೆಗೆ ಮಾತಾಡಲು ವಿಷಯವೇ ಇಲ್ಲದಂತಾಗಿತ್ತು. ಪಿಂಕಿ ಉಂಡಿತಾ, ಪಿಂಕಿಗೆ ಮಾತ್ರೆ ಕೊಟ್ಟಿರಾ, ಇದೇ ಅವರ ಮಾತು. ಕೊನೆಗೆ ದಿವ್ಯಳೇ ಈ ಎರಡು ಗಂಡು ಮರಿಗಳನ್ನು ಟೊಮೆಟೊ ಕ್ರೇಟಿನಲ್ಲಿ ಹೊತ್ತು ತಂದಳು. ಒಂದೇ ಅಚ್ಚು. ಬೆಣ್ಣೆ, ಸಕ್ಕರೆ ಎಂದು ಹೆಸರಿಟ್ಟವಳು ಲಕ್ಷ್ಮಿದೇವಮ್ಮ. ಒಂದನ್ನು ಕರೆದರೆ ಎರಡೂ ಓಡಿ ಬರುತ್ತಿದ್ದವು, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಮೊದಲ ಇಂಜೆಕ್ಷನ್ನಿಗೆ ಹೋದಾಗ ಸಕ್ಕರೆಗೆ ಹೊಟ್ಟೆ ಸರಿಯಿರಲಿಲ್ಲ. ಬೆಣ್ಣೆಗೆ ಮಾತ್ರ ಚುಚ್ಚಿ, ಸಕ್ಕರೆಯನ್ನು ಹತ್ತು ದಿನ ಬಿಟ್ಟು ತನ್ನಿ ಎಂದರು. "ದೃಷ್ಟಿ ಆಗೈತೆ ಕಣೆ ಇವುಕ್ಕೆ" ಎಂದು ಅವತ್ತೇ ಲಕ್ಷ್ಮಿದೇವಮ್ಮ ಸಕ್ಕರೆಯ ಮುಂಗಾಲಿಗೆ ಕರಿದಾರ ಕಟ್ಟಿದಳು. ಅಲ್ಲಿಂದ ಮನೆಯವರಿಗೆಲ್ಲ ಗುರುತು ಅದೇ ಆಯಿತು: ದಾರ ಇರುವವನು ಸಕ್ಕರೆ.

ಕಳೆದ ಅಮಾವಾಸ್ಯೆಯ ದಿನ ಹಳೇ ದಾರ ಬಿಚ್ಚಿ ಹೊಸದನ್ನು ತರಲು ದೇವರ ಮನೆಗೆ ಹೋದಳು. ಬರುವಷ್ಟರಲ್ಲಿ ಎರಡೂ ಒಂದರ ಮೇಲೊಂದು ಉರುಳಾಡುತ್ತಿದ್ದವು. ಕನ್ನಡಕ ಅಡುಗೆಮನೆಯಲ್ಲಿತ್ತು. "ಅತ್ತೆ, ಯಾವುದು ಅಂತ ಗೊತ್ತಾಗತ್ತಾ?" ಎಂದು ದಿವ್ಯ ಕೇಳಿದ್ದಳು. "ನಾನು ಸಾಕಿದ್ ಮಕ್ಳು ನಂಗ್ ಗೊತ್ತಾಗಕಿಲ್ವಾ? ಕಣ್ಮುಚ್ಕೊಂಡ್ ಹೇಳ್ತೀನಿ!" ಎಂದು ಗದರಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಕಟ್ಟಿದಳು. ಎರಡು ದಿನ ಬಿಟ್ಟು, ಸೊಸೆಗೆ ರಜೆ ಸಿಗದೆ, ದಾರ ಇದ್ದವನನ್ನು ಅವಳೇ ಆಟೋದಲ್ಲಿ ಕರೆದೊಯ್ದು ಇಂಜೆಕ್ಷನ್ ಹಾಕಿಸಿದಳು.

ಅಂದರೆ ಅವತ್ತು ದಾರ ಬಿದ್ದದ್ದು ಬೆಣ್ಣೆಯ ಕಾಲಿಗೆ, ಬೆಣ್ಣೆಗೇ ಎರಡು ಸಲ ಇಂಜೆಕ್ಷನ್ ಆಯಿತು. ಸಕ್ಕರೆಗೆ ಒಂದೂ ಆಗಲಿಲ್ಲ. ಸತ್ತವನು ಸಕ್ಕರೆ.

ಮರಿ ಅವಳ ಸೆರಗಿನ ತುದಿ ಕಚ್ಚುತ್ತಿತ್ತು. ಯಾರಿಗೆ ಗೊತ್ತು ಇದು? ಮಚ್ಚೆ ಕಂಡವಳು ತಾನೊಬ್ಬಳೇ. ಈ ಕಾಲಿಗೆ ಹೊಸ ದಾರ ಬಿಗಿದುಬಿಟ್ಟರೆ ಗಿರಿರಾಜ್ ಬರುತ್ತಾನೆ, ಮರಿ ಹೋಗುತ್ತದೆ, ಮಚ್ಚೆಯೂ ಅದರ ಜೊತೆಗೇ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷದ ಸಂಸಾರದಲ್ಲಿ "ನಂದು ತಪ್ಪಾಯ್ತು" ಎಂದ ಹೆಂಗಸಲ್ಲ ಅದು. ಹಾಲು ಉಕ್ಕಿದರೆ ಹಾಲಿನ ತಪ್ಪು, ಬಸ್ಸು ಹೋದರೆ ಡ್ರೈವರಿನ ತಪ್ಪು. ಈಗ ಸೊಸೆಯ ಮುಂದೆ, ಅದೂ ಅಂಥ ಮಾತು ಆಡಿದ ಮೇಲೆ!

ಗೇಟು ಸದ್ದಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕತ್ತರಿಸಿದ ದಾರವನ್ನು ಗಬಕ್ಕನೆ ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ನಮಸ್ಕಾರ ಆಂಟಿ," ಎಂದ ಗಿರಿರಾಜ್. ಒಳ್ಳೆಯ ಹುಡುಗ, ಪ್ಲಾಸ್ಟಿಕ್ ಬುಟ್ಟಿಗೆ ಮೆತ್ತಗೆ ಬೆಡ್‌ಶೀಟ್ ಹಾಸಿಕೊಂಡು ಬಂದಿದ್ದ. "ಏನೂ ಟೆನ್ಷನ್ ಮಾಡ್ಕೋಬೇಡಿ. ನಮ್ಮಮ್ಮನಿಗೆ ನಾಯಿ ಅಂದ್ರೆ ಪ್ರಾಣ."

ದಿವ್ಯ ಚೀಲ ಹಿಡಿದು ಹಿತ್ತಲಿಗೆ ಬಂದಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು. ಮರಿಯನ್ನು ಮುಟ್ಟದೆ, ಎರಡು ಮಾರು ದೂರದಲ್ಲೇ ನಿಂತು ಬಗ್ಗಿ ಕರೆದಳು. "ಸಕ್ಕರೆ, ಬಾ ಕಂದ. ಬುಟ್ಟಿ ನೋಡು ಎಷ್ಟು ಚೆನ್ನಾಗಿದೆ. ಸಕ್ಕರೆ..."

ಮರಿ ಅತ್ತೆಯ ಮಡಿಲಿನಿಂದ ಇಳಿದು ಹೋಗಿ ಮತ್ತೆ ನುಗ್ಗೆಮರದ ಬುಡದಲ್ಲಿ ಮಲಗಿತು.

"ನೋಡಿ, ನನ್ನ ಮೇಲೆ ಕೋಪ ಅವನಿಗೆ," ಎಂದಳು ದಿವ್ಯ. "ಅವನ ಅಣ್ಣನ್ನ ನಾನೇ ಕೊಂದೆ ಅಂತ ಗೊತ್ತಾಗಿದೆ."

ಆ ಮಾತು ಕೇಳಿ ಲಕ್ಷ್ಮಿದೇವಮ್ಮನಿಗೆ ಇನ್ನು ಕೂತಿರಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದಳು.

"ಹಂಗ್ ಕರೀಬ್ಯಾಡ ಕಣವ್ವ," ಎಂದಳು. "ಅದು ಅವನ್ ಹೆಸ್ರಲ್ಲ."

"ಏನತ್ತೆ?"

ಲಕ್ಷ್ಮಿದೇವಮ್ಮ ಮರದ ಕಡೆ ತಿರುಗಿದಳು.

"ಬೆಣ್ಣೆ!"

ಮರಿಯ ಎರಡೂ ಕಿವಿ ನೆಟ್ಟಗಾದವು.

"ಬೆಣ್ಣೆ, ಬಾರೋ."

ಓಡಿ ಬಂತು ನೋಡಿ! ಹನ್ನೆರಡು ದಿನದಿಂದ ಬಾಲ ಎತ್ತದ ಪ್ರಾಣಿ ಸೊಂಟ ಸಮೇತ ಬಾಲ ಅಲ್ಲಾಡಿಸಿಕೊಂಡು ಬಂದು ಅವಳ ಕಾಲಿನ ಮೇಲೆ ಬಿದ್ದು ಹೊರಳಾಡಿತು. ಲಕ್ಷ್ಮಿದೇವಮ್ಮ ಬಗ್ಗಿ ಅದರ ಎಡ ಹಿಂಗಾಲನ್ನು ತಿರುಗಿಸಿ ಮಚ್ಚೆ ತೋರಿಸಿದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅಮಾವಾಸ್ಯೆ, ಕನ್ನಡಕ, ಆಟೋ, ಎರಡು ಸಲ ಇಂಜೆಕ್ಷನ್. ಒಂದನ್ನೂ ಮುಚ್ಚಿಡಲಿಲ್ಲ. ಗಿರಿರಾಜ್ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಂತಿದ್ದ.

"ನಿನ್ ಬಾಯಿ ಮುಚ್ಚಿಸ್ದೆ ಅವತ್ತು. ನನ್ ನಾಲಿಗೆ ಸೇದೋಗ. ನಂದೇ ಕಣವ್ವ ತಪ್ಪು. ನಂದೇ."

ದಿವ್ಯ ಕೇಳಿದ್ದು ಇಂಜೆಕ್ಷನ್ ವಿಷಯವನ್ನಲ್ಲ.

"ಹಾಗಾದ್ರೆ... ನಾಲ್ಕು ದಿನ ನಾನು ಅವನನ್ನ ಬೆಣ್ಣೆ ಬೆಣ್ಣೆ ಅಂತ ಕರೆದೆನಲ್ಲ ಅತ್ತೆ. ಸಾಯ್ತಾ ಇರೋವಾಗ ಒಂದ್ಸಲ ಕೂಡ ಅವನ ಹೆಸರು ಹಿಡಿದು ಕರೀಲಿಲ್ವಾ ನಾವು?"

ಲಕ್ಷ್ಮಿದೇವಮ್ಮನಿಗೆ ಇದು ಹೊಳೆದಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು, ಗಂಡ ಸತ್ತಾಗ ಅತ್ತ ಹಾಗೆ, ದನಿ ತೆಗೆದು. ದಿವ್ಯಳ ಮುಖದಲ್ಲಿ ಸಿಟ್ಟು ಬಂತು, ನಿಂತಿತು. ಅವಳು ಅತ್ತೆಯನ್ನು ಸಮಾಧಾನ ಮಾಡಲಿಲ್ಲ. ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು, "ಸಾರಿ ಗಿರಿ, ನೀನು ಹೋಗು. ಇವನಿಗೆ ಎರಡು ಡೋಸ್ ಆಗಿದೆಯಂತೆ. ಇಲ್ಲೇ ಇರ್ತಾನೆ," ಎಂದಳು. ಅವನು ಖಾಲಿ ಬುಟ್ಟಿ ಹಿಡಿದು ಹೊರಟುಹೋದ.

"ರೋಗ ತಂದಿದ್ದಂತೂ ನಾನೇ ಅತ್ತೆ," ಎಂದಳು ಆಮೇಲೆ. "ಅದು ಸುಳ್ಳಾಗಲ್ಲ."

"ನೀನ್ ತಂದಿರ್ಬೋದು. ಬಾಗ್ಲು ತೆಗ್ದಿಟ್ಟೋಳು ನಾನು."

ಬೆಣ್ಣೆ ದಿವ್ಯಳ ಬರಿಗಾಲಿನ ಹೆಬ್ಬೆರಳನ್ನು ನೆಕ್ಕುತ್ತಿತ್ತು. ಅವಳು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಎತ್ತಿಕೊಂಡು ಅದರ ಕತ್ತಿನ ಕೂದಲಲ್ಲಿ ಮುಖ ಹುದುಗಿಸಿದಳು.

ಲಕ್ಷ್ಮಿದೇವಮ್ಮ ಒಳಗೆ ಹೋಗಿ ಸಣ್ಣ ಚೊಂಬಿನಲ್ಲಿ ಹಾಲು ತಂದಳು. ನುಗ್ಗೆಮರದ ಬುಡದಲ್ಲಿ ಪಿಂಕಿಯನ್ನು ಹೂತ ಜಾಗದ ಪಕ್ಕದಲ್ಲೇ ಸತ್ತ ಮರಿಯನ್ನೂ ಹೂತಿದ್ದರು. ಮೂರನೇ ದಿನ ಹಾಲು ಬಿಡುವಾಗ ಬೆಣ್ಣೆ ಎಂದೇ ಹೇಳಿ ಬಿಟ್ಟಿದ್ದರು. ಅವಳು ಮಣ್ಣಲ್ಲಿ ಬೆರಳಿನಿಂದ ಸಣ್ಣ ಗುಳಿ ಮಾಡಿ, ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿದ್ದ ಹಳೇ ದಾರವನ್ನು ಅದರೊಳಗಿಟ್ಟು ಮಣ್ಣು ಮುಚ್ಚಿದಳು. ದಿವ್ಯ ಬಂದು ಪಕ್ಕದಲ್ಲಿ ಕೂತಳು, ಸ್ವಲ್ಪ ದೂರ ಬಿಟ್ಟು. ಚೊಂಬಿಗೆ ಮಾತ್ರ ತಾನೂ ಒಂದು ಕೈ ಹಿಡಿದಳು.

"ಸಕ್ಕರೆ," ಎಂದು ಕರೆದಳು ಲಕ್ಷ್ಮಿದೇವಮ್ಮ.

ದಿವ್ಯಳೂ ಕರೆದಳು. "ಸಕ್ಕರೆ."

ಹಾಲು ಮಣ್ಣಿಗೆ ಇಳಿಯಿತು. ದಿವ್ಯಳ ಮಡಿಲಲ್ಲಿ ಬೆಣ್ಣೆ ಕಾಲುಚೀಲದ ಚೆಂಡನ್ನು ಕಚ್ಚುತ್ತ ಮಲಗಿತ್ತು. ಆ ಹೆಸರಿಗೆ ಅದು ತಲೆ ಎತ್ತಲಿಲ್ಲ.