ಬುಧವಾರ ಕೆಡುವ ದೀಪ

ಹೆಟ್ಟಿಯ ದೋಣಿಯೊಳಗಿಂದ ಕೆಂಪು ತಂತಿಯ ಇನ್ನೊಂದು ಸಿಂಬೆ ಹಾರಿ ಬಂದು ದಡದ ಹುಲ್ಲಿನ ಮೇಲೆ ಬಿತ್ತು. ಬೆಳಗಿನಿಂದ ಇದು ಐದನೆಯದು. ಹಿಂದೆಯೇ ಕಟ್ಟಿದ್ದ ತನ್ನ ದೋಣಿಯ ಬಾಲದಲ್ಲಿ ನಿಂತು, ಆಗಲೇ ಎರಡು ಸಲ ಒರೆಸಿದ್ದ ಚುಕ್ಕಾಣಿಯ ಹಿತ್ತಾಳೆ ಹಿಡಿಯನ್ನು ಮೂರನೇ ಸಲ ಒರೆಸುತ್ತಿದ್ದ ಈನಕ್‌ಗೆ ಯಾರೋ ತನ್ನ ಕರುಳನ್ನೇ ಎಳೆದೆಳೆದು ಹೊರಗೆ ಹಾಕುತ್ತಿರುವಂತೆ ಆಯಿತು.

ಆ ತಂತಿ ಅವನದು. ಹನ್ನೊಂದು ವರ್ಷದ ಕೆಳಗೆ, ಹೆಟ್ಟಿಯ ಗಂಡ ವಿಲ್ಫ್ ತೀರಿಹೋದ ವಸಂತದಲ್ಲಿ, ಕಾಲುವೆಯ ಮೇಲೆ ಅವಳ ಮನೆಯೇ ಆಗಿದ್ದ 'ಟ್ಯಾನ್ಸಿ' ಎಂಬ ಆ ಕಿರಿದಾದ ಉದ್ದನೆಯ ದೋಣಿಗೆ, ಆ ಹಳೇ ನ್ಯಾರೋಬೋಟಿಗೆ, ಮೂತಿಯಿಂದ ಬಾಲದವರೆಗೆ ಈನಕ್ ಒಬ್ಬನೇ ಹೊಸದಾಗಿ ವೈರಿಂಗ್ ಮಾಡಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಬಣ್ಣದ ತಂತಿ. ಹಾಗಾಗಿ ದೀಪದ್ದೂ ಕೆಂಪು, ನೀರಿನ ಪಂಪಿನದ್ದೂ ಕೆಂಪು, ಬ್ಯಾಟರಿಗೆ ಹೋಗುವುದೂ ಕೆಂಪು, ಬರುವುದೂ ಕೆಂಪು. ಯಾವುದು ಎಲ್ಲಿಗೆ ಅನ್ನುವುದು ಅವನ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಒಂದು ಮಧ್ಯಾಹ್ನ ಕೂತಿದ್ದರೆ ಚೀಟಿ ಅಂಟಿಸಿ ಮುಗಿಸಬಹುದಿತ್ತು. ಅಂಟಿಸಲಿಲ್ಲ. ಸೋಮಾರಿ ಎಂದು ಕಾಲುವೆಯವರು ನಗುತ್ತಿದ್ದರು. ನಗಲಿ ಬಿಡಿ. ಚೀಟಿ ಅಂಟಿಸಿದರೆ ಹೆಟ್ಟಿಗೆ ಯಾವ ಮೆಕ್ಯಾನಿಕ್ ಬೇಕಾದರೂ ಆದಾನು, ಅಂಟಿಸದಿದ್ದರೆ ಈನಕ್‌ನೇ ಬೇಕು. ನಿಜ ಸಂಗತಿ ಇಷ್ಟೇ.

ಅವನ ಅದೃಷ್ಟಕ್ಕೆ, ಟ್ಯಾನ್ಸಿಯ ಅಡುಗೆಮೂಲೆಯ ದೀಪ ವಾರಕ್ಕೊಮ್ಮೆ, ಹೆಚ್ಚೂಕಡಿಮೆ ಬುಧವಾರವೇ, ಕೆಡುತ್ತಿತ್ತು. ಎರಡು ಸಿಲಿಂಡರಿನ ಮುದಿ ಡೀಸೆಲ್ ಎಂಜಿನ್ನು ಇಡೀ ದೋಣಿಯನ್ನು ಗಡಗಡ ನಡುಗಿಸುತ್ತದಲ್ಲ, ಅದಕ್ಕೇ ಹಲಗೆಯ ಹಿಂದಿನ ಒಂದು ನಟ್ಟು ಸಡಿಲವಾಗುತ್ತದೆ ಎಂದು ಈನಕ್ ತೀರ್ಮಾನಿಸಿದ್ದ. ಕೈ ಮಾತ್ರ ತೂರುವ ಸಂದಿ ಅದು, ಕಣ್ಣಿಗೆ ಏನೂ ಕಾಣದು. ಸ್ಪ್ಯಾನರ್ ತೂರಿಸಿ, ತಡವಿ, ಬಿಗಿ ಮಾಡುವನು. ಅಷ್ಟು ಹೊತ್ತಿಗೆ ಒಲೆಯಿಂದ ಬ್ರೆಡ್ ಪುಡ್ಡಿಂಗ್ ಇಳಿದಿರುತ್ತಿತ್ತು. ಅದನ್ನು ತಿಂದು, ಎರಡು ಲೋಟ ಚಹಾ ಕುಡಿದು, ಎಂಜಿನ್ ಕೋಣೆಗೆ ಇಳಿದು ಎಣ್ಣೆಯ ಮಟ್ಟ ನೋಡಿ, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪ್ರೊಪೆಲರಿನ ದಂಡದ ಸುತ್ತ ನೀರು ಜಿನುಗದಂತೆ ಗ್ರೀಸಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿ ಮನೆಗೆ, ಅಂದರೆ ಹಿಂದಿನ ದೋಣಿಗೆ, ಬರುವನು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ಅರವತ್ತೊಂಬತ್ತರ ಆಸಾಮಿಗೆ ವಾರದಲ್ಲಿ ಅದೊಂದು ದಿನ ಸಾಕಾಗಿತ್ತು.

ಜನವರಿಯಲ್ಲಿ ಅದೇನಾಯಿತೋ, ದೀಪ ಕೆಡುವುದೇ ನಿಂತುಹೋಯಿತು. ಒಂದು ಬುಧವಾರ ಹೋಯಿತು, ಎರಡು ಹೋಯಿತು, ಹತ್ತು ಹೋಯಿತು. ಕೆಲಸವಿಲ್ಲದೆ ಇನ್ನೊಬ್ಬರ ದೋಣಿ ಹತ್ತುವ ಗಂಡಸಲ್ಲ ಈನಕ್. ಕರೆಯಲಿ ಎಂದು ಕಾದ. ಯಾರೂ ಕರೆಯಲಿಲ್ಲ. ಆಮೇಲೆ ಮಾರ್ಚಿನಲ್ಲಿ ಡಂಕನ್ ಬಂದ.

ಈ ಡಂಕನ್ ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಗಡ್ಡ ಒಪ್ಪವಾಗಿ ಕತ್ತರಿಸಿರುತ್ತಾನೆ, ಮಾತು ಮೆತ್ತಗೆ, ಸ್ಕ್ರೂಡ್ರೈವರುಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟಿರುತ್ತಾನೆ. ಇಷ್ಟು ಸಾಲದೇ ಒಬ್ಬ ಮನುಷ್ಯನನ್ನು ದ್ವೇಷಿಸಲು? ಸೇತುವೆಯ ಪಕ್ಕ, ಬಂದು ಹೋಗುವವರ ಜಾಗದಲ್ಲಿ ದೋಣಿ ಕಟ್ಟಿದವನು ಮೂರನೇ ದಿನಕ್ಕೆ ಟ್ಯಾನ್ಸಿಯ ಹಲಗೆಗಳನ್ನು ಬಿಚ್ಚಿ ಕೂತಿದ್ದ. ಆ ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಅದು ಕಾಲುವೆಯ ಕಾನೂನು. ಈನಕ್ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕತೊಡಗಿದ. ಇವತ್ತಿಗೆ ಹನ್ನೊಂದು ಗೀಟು.

"ಏನೋ ಈನಕ್, ಆ ಹಿಡಿ ಸವೆದು ಹೋಗೋವರ್ಗೂ ಒರೆಸ್ತೀಯಾ?"

ಹೆಟ್ಟಿ ದಡದಲ್ಲಿ ನಿಂತಿದ್ದಳು. ಎರಡೂ ತೋಳಿನಲ್ಲಿ ಈರುಳ್ಳಿ ಉಪ್ಪಿನಕಾಯಿಯ ಜಾಡಿಯನ್ನು ಎದೆಗೆ ಅವಚಿಕೊಂಡಿದ್ದಳು. ಏಪ್ರನ್ ಜೇಬಿನಲ್ಲಿ ವಿಲ್ಫ್‌ನ ಹಳೇ ಇಕ್ಕಳ. ಗಂಡ ಹೋದ ಮೇಲೆ ಆ ಇಕ್ಕಳ ಅವಳ ಚಾಕು ಚಮಚಗಳ ಜತೆ ಸೇರಿಕೊಂಡು, ಬಿಗಿ ಮುಚ್ಚಳಗಳಿಗೆಲ್ಲ ಅದೇ ಮದ್ದಾಗಿತ್ತು.

"ನಮ್ದು ನಾವು ಒರೆಸ್ಕೋತೀವಿ," ಈನಕ್ ಅಂದ. "ಬೇರೆಯೋರು ಮಾಡಿದ ಕೆಲಸ ಕಿತ್ತು ಹುಲ್ಲಿಗೆ ಎಸೆಯೋಕೆ ಹೋಗಲ್ಲ."

"ಬೆಳಿಗ್ಗೆ ಬೆಳಿಗ್ಗೆ ಏನು ಕುಡಿದೆ, ವಿನೆಗರ್ರಾ? ಸ್ವಿಚ್ಚೆಲ್ಲ ಗಟ್ಟಿ ಆಗಿತ್ತು ಕಣೋ. ಹ್ಯಾಂಡಲ್ ಹಾಕಿ ಎಂಜಿನ್ ಸುತ್ತೋದೂ ನನ್ನ ಕೈಲಿ ಆಗ್ತಿಲ್ಲ. ಬಟನ್ ಒತ್ತಿದ್ರೆ ಶುರುವಾಗೋ ಹಾಗೆ ಮಾಡಿಕೊಡ್ತೀನಿ ಅಂದ ಡಂಕನ್."

"ಹನ್ನೊಂದು ವರ್ಷ ಆಗ್ತಿತ್ತು, ಈಗ ಆಗಲ್ವಾ."

ಅವಳು ಜಾಡಿಯನ್ನು ಮುಂದೆ ಚಾಚಿದಳು. "ಇರಲಿ. ಇದರ ಮುಚ್ಚಳ ತೆಗೆದುಕೊಡು."

"ಡಂಕನ್ ಇದಾನಲ್ಲ, ಅವನ ಕೈಲೇ ತೆಗೆಸ್ಕೋ. ಹಡಗನ್ನೇ ಬಿಚ್ಚಿದೋನಿಗೆ ಜಾಡಿ ಯಾವ ಲೆಕ್ಕ."

ಹೆಟ್ಟಿ ಜಾಡಿಯನ್ನು ಮತ್ತೆ ಎದೆಗೆ ಅವಚಿಕೊಂಡು ಹೋದಳು. ಚೆನ್ನಾಗಿ ಅಂದೆ ಎಂದು ಈನಕ್‌ಗೆ ಅರ್ಧ ಗಂಟೆ ಖುಷಿಯಾಯಿತು, ಉಳಿದ ದಿನವೆಲ್ಲ ಊಟ ಸೇರಲಿಲ್ಲ.

ಹದಿನಾಲ್ಕನೇ ದಿನ ಬುಧವಾರ. ಬೆಳಗಿನ ಚಹಾ ಹಿಡಿದು ಈನಕ್ ನೋಡುತ್ತ ನಿಂತ. ಡಂಕನ್ ಹಗ್ಗ ಬಿಚ್ಚಿದ, ಎಂಜಿನ್ ಶುರು ಮಾಡಿದ, ದೋಣಿ ಮೆಲ್ಲಗೆ ಸೇತುವೆ ಬಿಟ್ಟು ಹೊರಟಿತು. ಹೋಗು ಮಹಾರಾಯ, ನಿನ್ನ ದಾರಿ ನೀನು ನೋಡಿಕೋ ಎಂದು ಈನಕ್ ಮನಸ್ಸಿನಲ್ಲೇ ಹರಸಿದ. ದೋಣಿ ನೇರವಾಗಿ ಬಂದು ಟ್ಯಾನ್ಸಿಯ ಮಗ್ಗುಲಿಗೆ ನಿಂತಿತು. ಹೆಟ್ಟಿ ನಗುನಗುತ್ತ ಹಗ್ಗ ಹಿಡಿದುಕೊಂಡಳು. ಎರಡು ದೋಣಿಗಳನ್ನೂ ಪಕ್ಕಪಕ್ಕಕ್ಕೆ ಸೇರಿಸಿ ಕಟ್ಟಿದರು. ಹೆಟ್ಟಿಯದು ಸ್ವಂತ ಜಾಗ, ಅಲ್ಲಿ ಅವಳು ಯಾರನ್ನು ಬೇಕಾದರೂ ಇಟ್ಟುಕೊಳ್ಳಬಹುದು, ಕಾನೂನು ಕೇಳುವುದಿಲ್ಲ. ಇನ್ನು ಡಂಕನ್ ದಡಕ್ಕೆ ಬರಬೇಕಾದರೆ ಟ್ಯಾನ್ಸಿಯನ್ನು ದಾಟಿಯೇ ಬರಬೇಕು. ಕಾಲುವೆಯಲ್ಲಿ ದೋಣಿಯ ಮಾಡಿನ, ಅಂದರೆ ಚಾವಣಿಯ, ಮೇಲೆ ಎರಡು ಸಲ ತಟ್ಟದೆ ಯಾರೂ ಇನ್ನೊಬ್ಬರ ದೋಣಿಗೆ ಕಾಲಿಡುವುದಿಲ್ಲ. ಹನ್ನೊಂದು ವರ್ಷ ಈನಕ್ ತಟ್ಟಿಯೇ ಹತ್ತಿದ್ದ. ಈ ಆಸಾಮಿ ತಟ್ಟದೆ ದಾಟಿದ, ಹಾಲು ತಂದ, ತಟ್ಟದೆ ವಾಪಸ್ಸು ದಾಟಿದ.

ಮಧ್ಯಾಹ್ನಕ್ಕೆ ಬ್ರೆಡ್ ಪುಡ್ಡಿಂಗಿನ ವಾಸನೆ ಬಂತು. ಅದರ ಹಿಂದೆ ಹೆಟ್ಟಿಯ ದನಿ. "ಈನಕ್, ಬಾರೋ, ಕೆಲಸ ಮುಗೀತು. ಒಂದು ಸಲ ನೋಡಿ ನಿನ್ನ ಅಭಿಪ್ರಾಯ ಹೇಳು."

ಹೋಗಬಾರದಿತ್ತು. ಹೋದ. ಎಂಜಿನ್ನು ಟಕಟಕ ಓಡುತ್ತಿತ್ತು. ಡಂಕನ್ ಅವನನ್ನು ಎಂಜಿನ್ ಕೋಣೆಗೆ ಕರೆದುಕೊಂಡು ಹೋಗಿ ಒಂದೊಂದೇ ತೋರಿಸಿದ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಹೊಸ ಆಲ್ಟರ್ನೇಟರ್, ಬಣ್ಣಬಣ್ಣದ ತಂತಿ, ಪ್ರತಿ ತಂತಿಯ ತುದಿಗೂ ಮುದ್ದಾದ ಅಕ್ಷರದ ಚೀಟಿ.

"ನಿಮ್ಮ ಕೆಲಸ ಗಟ್ಟಿ ಇತ್ತು ಯಜಮಾನ್ರೇ," ಎಂದ ಡಂಕನ್. "ಒಂದು ಕಡೇನೂ ಸುಟ್ಟಿರಲಿಲ್ಲ. ಎಲ್ಲ ಕೆಂಪು ಆಗಿದ್ದಕ್ಕೆ ಮಾತ್ರ ಕಷ್ಟ ಆಯ್ತು ನೋಡಿ."

"ಗೊತ್ತಿರೋರಿಗೆ ಕಷ್ಟ ಇರಲಿಲ್ಲ."

"ಅದು ಸರಿ," ಎಂದು ಡಂಕನ್ ನಕ್ಕ. "ನೋಡ್ತಿರಿ, ಪುಡ್ಡಿಂಗ್ ಇಲ್ಲಿಗೇ ತರ್ತೀನಿ."

ಪುಡ್ಡಿಂಗನ್ನು ಅವನು ತರುತ್ತಾನಂತೆ. ಬುಧವಾರದ ಪುಡ್ಡಿಂಗನ್ನು, ಈನಕ್‌ಗೆ, ಅವನು ಬಡಿಸುತ್ತಾನಂತೆ. ಈನಕ್‌ನ ಕಣ್ಣೆದುರಿಗೇ ಬ್ಯಾಟರಿಯ ಮೇನ್ ಸ್ವಿಚ್ಚಿನ ಕೆಂಪು ಕೀಲಿ ಇತ್ತು. ಎಂಜಿನ್ ಓಡುವಾಗ ಆ ಕೀಲಿ ಮುಟ್ಟಬಾರದು ಎನ್ನುವುದು ದೋಣಿ ಕೊಂಡವನು ಮೊದಲ ದಿನ ಕಲಿಯುವ ಪಾಠ. ಮುಟ್ಟಿದರೆ ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಬ್ಯಾಟರಿ ಇಲ್ಲದಾಗಿ ಅದರ ಹೊಟ್ಟೆಯೇ ಸುಟ್ಟುಹೋಗುತ್ತದೆ. ಈ ಪಾಠವನ್ನು ಈನಕ್ ಎಷ್ಟೋ ಜನಕ್ಕೆ ಬೈದು ಹೇಳಿಕೊಟ್ಟಿದ್ದ.

ಕೀಲಿಯನ್ನು ತಿರುಗಿಸಿದ. ಒಳಗಿನ ದೀಪಗಳೆಲ್ಲ ಒಮ್ಮೆ ಬೆಳ್ಳಗೆ ಹೊತ್ತಿ ಮಂಕಾದವು. ಸುಟ್ಟ ವಾಸನೆ ಬಂತು. ಕೀಲಿಯನ್ನು ಮೊದಲಿನಂತೆ ತಿರುಗಿಸಿಟ್ಟ. ಎಂಜಿನ್ನು ಮಾತ್ರ ಏನೂ ಆಗದ ಹಾಗೆ ಟಕಟಕ ಓಡುತ್ತಲೇ ಇತ್ತು.

ಡಂಕನ್ ತಟ್ಟೆ ಹಿಡಿದು ಬಂದವನು ಚಾರ್ಜ್ ನಿಂತಿದೆ ಎಂದು ತೋರಿಸುವ ಕೆಂಪು ದೀಪ ಉರಿಯುವುದನ್ನು ನೋಡಿ ಬೆಪ್ಪಾದ. ಮೀಟರ್ ತಂದ, ಮುಟ್ಟಿ ನೋಡಿದ, ಮತ್ತೆ ನೋಡಿದ. ಕಿವಿಯವರೆಗೆ ಕೆಂಪಾಗಿ, "ಎಲ್ಲೋ ನಾನೇ ತಪ್ಪು ಮಾಡಿದೀನಿ," ಅಂದ.

"ಹಡಗಿನ ಕೆಲಸ ಬೇರೆ, ದೋಣಿ ಕೆಲಸ ಬೇರೆ," ಎಂದ ಈನಕ್. ಹೆಟ್ಟಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಈನಕ್ ಪುಡ್ಡಿಂಗನ್ನು ಪೂರ್ತಿ ತಿಂದ. ರುಚಿ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮಾಡಿನ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು. ಡಂಕನ್.

"ಹೊಸ ಆಲ್ಟರ್ನೇಟರ್ ಬರೋಕೆ ಹೇಳಿದೀನಿ. ಬಂದ ಮೇಲೆ ನೀವೇ ಹಾಕಿಕೊಡಿ ಯಜಮಾನ್ರೇ. ಎಲ್ಲಿ ತಪ್ಪಿದೆ ಅಂತ ರಾತ್ರಿಯೆಲ್ಲ ಯೋಚಿಸಿದೆ, ಗೊತ್ತಾಗ್ತಿಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು. ನಾಳೆ ಹೊರಡ್ತೀನಿ."

ಹದಿನೈದು ದಿನದಿಂದ ಕೇಳಬೇಕೆಂದಿದ್ದ ಮಾತು. ಕೇಳಿದ ಮೇಲೆ ಈನಕ್‌ಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. "ನಿಮ್ಮಿಷ್ಟ," ಎಂದಷ್ಟೇ ಅಂದ.

ಡಂಕನ್ ಹೋಗದೆ ನಿಂತ. "ಹೋಗೋಕೆ ಮುಂಚೆ ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಹಲಗೆ ಬಿಚ್ಚಿದಾಗ ನೋಡಿದೆ, ಅಡುಗೆಮೂಲೆ ದೀಪದ ನಟ್ಟು ಒಂದೇ ಪಳಪಳ ಅಂತಿತ್ತು. ಇಕ್ಕಳದ ಹಲ್ಲಿನ ಗುರುತು, ಮೂಲೆಯೆಲ್ಲ ಸವೆದು ದುಂಡಗೆ. ಬೇಕೂ ಅಂತ ಬಿಚ್ಚಿದ್ದು ಅದು, ತಾನಾಗಿ ಸಡಿಲ ಆಗಿದ್ದಲ್ಲ. ಕೆಲಸ ಇರಲಿ ಅಂತ ನೀವೇ ಮಾಡ್ಕೊಂಡಿದ್ದೇನೋ ಅಂದ್ಕೊಂಡೆ. ಹೆಟ್ಟಿಯವರಿಗೆ ಹೇಳಿಲ್ಲ, ಹೇಳೋದೂ ಇಲ್ಲ."

"ಇಕ್ಕಳಾನಾ?" ಈನಕ್‌ಗೆ ಮೈಯೆಲ್ಲ ಉರಿದುಹೋಯಿತು. "ಐವತ್ತು ವರ್ಷದಲ್ಲಿ ಒಂದೇ ಒಂದು ನಟ್ಟಿಗೆ ನಾನು ಇಕ್ಕಳ ಹಾಕಿದೋನಲ್ಲ ಕಣಯ್ಯಾ. ಸ್ಪ್ಯಾನರ್ ಬಿಟ್ಟು—"

ಅಲ್ಲಿಗೆ ಮಾತು ನಿಂತಿತು. ಹೆಟ್ಟಿಯ ಚಾಕು ಚಮಚಗಳ ನಡುವೆ ಇದ್ದ ಇಕ್ಕಳ ಅವನ ಮನಸ್ಸಿನ ಕಣ್ಣಿಗೆ ಕಂಡಿತು. ಎದೆಗೆ ಅವಚಿಕೊಂಡ ಜಾಡಿಯೂ ಕಂಡಿತು.

ಟ್ಯಾನ್ಸಿಯ ಮಾಡಿನ ಮೇಲೆ ಎರಡು ಸಲ ತಟ್ಟಿ ಒಳಗೆ ಹೋದಾಗ ಹೆಟ್ಟಿ ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕೂತಿದ್ದಳು. ಬೆರಳುಗಳು ಲೋಟ ಮುಟ್ಟಿರಲಿಲ್ಲ. ಗೆಣ್ಣುಗಳು ಊದಿಕೊಂಡು ಬೆರಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದ್ದವು. ಹದಿನಾಲ್ಕು ದಿನ ಡಂಕನ್‌ನ ಗಡ್ಡ ನೋಡಿದ್ದ ಈನಕ್ ಈ ಬೆರಳುಗಳನ್ನು ನೋಡಿರಲಿಲ್ಲ.

"ಕೀಲಿ ತಿರುಗಿಸಿದ್ದು ನಾನು," ಅಂದ.

"ಗೊತ್ತು. ದೀಪ ಬೆಳ್ಳಗೆ ಹೊತ್ತಿಕೊಳ್ತಲ್ಲ, ಆವಾಗ್ಲೇ ಗೊತ್ತಾಯ್ತು. ವಿಲ್ಫ್ ಒಂದು ಸಲ ಕುಡಿದು ಹೀಗೇ ಮಾಡಿದ್ದ. ನೀನು ಕುಡಿದಿರಲಿಲ್ಲ."

"ಹೆಟ್ಟಿ, ಬುಧವಾರದ ದೀಪ..."

ಅವಳು ಅಂಗೈಗಳಿಂದಲೇ ಲೋಟವನ್ನು ಕೆಳಗಿಟ್ಟಳು. "ಹನ್ನೊಂದು ವರ್ಷ ಬಿಚ್ಚಿದೆ ಕಣೋ. ಸುಮ್ಮನೆ ಬಾ ಅಂದ್ರೆ ನೀನು ಬರೋನಲ್ಲ, ಏನಾದ್ರೂ ಕೆಡಬೇಕಿತ್ತು ನಿನಗೆ. ಕ್ರಿಸ್‌ಮಸ್ ಕಳೆದ ಮೇಲೆ ಆ ನಟ್ಟು ನನ್ನ ಕೈಗೆ ಬಗ್ಗಲಿಲ್ಲ. ದೀಪ ಉರೀತಾನೇ ಇತ್ತು. ಪುಡ್ಡಿಂಗ್ ಮಾಡಿ ಕೂತೆ, ದೀಪ ಇಲ್ದಿದ್ರೂ ಬರ್ತಾನೇನೋ ಅಂತ. ಹತ್ತು ಬುಧವಾರ ಮಾಡಿದೆ. ಹತ್ತೂ ಬಾತುಕೋಳಿಗೆ ಹಾಕಿದೆ."

ಮೇಜಿನ ಮೇಲೆ ಈರುಳ್ಳಿಯ ಜಾಡಿ ಇನ್ನೂ ಮುಚ್ಚಿಯೇ ಇತ್ತು. ಡಂಕನ್ ಕೈಲಿ ತೆಗೆಸಿರಲಿಲ್ಲ. ಈನಕ್ ಕೈ ಚಾಚಿದ.

"ಅದು ಆಮೇಲೆ," ಹೆಟ್ಟಿ ಜಾಡಿಯನ್ನು ಮೊಣಕೈಯಿಂದ ತನ್ನ ಕಡೆಗೆ ಎಳೆದುಕೊಂಡಳು. "ಮೊದಲು ಆ ಮನುಷ್ಯನಿಗೆ ನಿಜ ಹೇಳಿ, ಅವನ ಕೈ ಅವನಿಗೆ ವಾಪಸ್ ಕೊಟ್ಟು ಬಾ. ರಾತ್ರಿಯೆಲ್ಲ ದೀಪ ಹಾಕ್ಕೊಂಡು ಕೂತಿದ್ದ."

ಈನಕ್ ಹೊರಗೆ ಬಂದ. ಡಂಕನ್ ದಡದಿಂದ ವಾಪಸ್ಸು ಬಂದು ತನ್ನ ದೋಣಿಯೊಳಗೆ ಪೆಟ್ಟಿಗೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಎರಡು ದೋಣಿಗಳ ನಡುವೆ ಒಂದು ಗೇಣು ನೀರು. ಅದರಾಚೆ ಕೈ ಚಾಚಲು ಈನಕ್‌ಗೆ ಸುಮಾರು ಹೊತ್ತು ಹಿಡಿಯಿತು. ಆಮೇಲೆ ಬಗ್ಗಿ, ಡಂಕನ್‌ನ ಮಾಡಿನ ಮೇಲೆ ಎರಡು ಸಲ ತಟ್ಟಿದ.