ಅಪ್ಪನ ಬಾಯಿ ತೆರೆದೇ ಇದೆ

ಜನರೇಟರು ಒಮ್ಮೆ ಕೆಮ್ಮಿ ಮತ್ತೆ ಗುರುಗುಟ್ಟಿತು, ಕಿಟಕಿಯಿಂದ ಬಾಳೆಲೆಯಲ್ಲಿ ಬೇಯುವ ಮಟೋಕೆ ಬಾಳೆಕಾಯಿಯ ಆವಿ, ಅದರ ಬೆನ್ನಿಗೇ ಡೀಸೆಲ್ ಹೊಗೆ, ಹಸಿವಾಗಬೇಕೋ ವಾಕರಿಕೆ ಬರಬೇಕೋ ಮೂಗಿಗೇ ತಿಳಿಯುತ್ತಿಲ್ಲ, ಮತ್ತೆ ಪರದೆಯ ಮೇಲೆ ಅಪ್ಪ, ಬಾಯಿ ತೆರೆದುಕೊಂಡು, ಮಸಾಕಾದ ಆಸ್ಪತ್ರೆ ಮಂಚದಲ್ಲಿ, ಪ್ಲಾಸ್ಟರ್ ಹಾಕಿದ ಕಾಲು ಮೇಲಕ್ಕೆ ಕಟ್ಟಿಸಿಕೊಂಡು, ಕದಲದ ಚಿತ್ರ — ಈ ವಯಸ್ಸಲ್ಲಿ ಮರ ಹತ್ತಬೇಡ ಅಂತ ಎಲ್ಲರೂ ಬಡ್ಕೊಂಡ್ವಿ, ಮಗಳ ಕ್ವಾಂಜುಲಾ ಕಣೋ, ಗಂಡಿನ ಕಡೆಯವರು ಹೆಣ್ಣು ಕೇಳೋಕೆ ಬರೋ ದಿನ, ಅಂಗಡಿ ಹಲಸು ಬಡಿಸ್ಲಾ ಅಂದ, ಹತ್ತಿದ, ಹಣ್ಣು ಕೆಳಗೆ ಬಂತು, ಅದರ ಹಿಂದೆಯೇ ಅಪ್ಪನೂ ಬಂದ, ಹಣ್ಣಿಗೇನೂ ಆಗಲಿಲ್ಲ. ಡಾಕ್ಟರು ಮಿಸುಕಕೂಡದು ಅಂದಾಗ ನನ್ನ ಕೈ ಹಿಡಿದು, ಕಿಗೋಜಿ, ನೀನು ಕಂಪ್ಯೂಟರ್ ಓದಿದ್ದಕ್ಕೆ ಇವತ್ತೊಂದು ಉಪಯೋಗ ಆಗ್ಲಿ, ನನ್ನ ಆ ಪೆಂಡಾಲಿಗೆ ಕರ್ಕೊಂಡು ಹೋಗು, ನಾನು ಬಾಯಾರೆ ಹೂಂ ಅನ್ನೋವರೆಗೆ ಹುಂಜ ಮುಟ್ಟಬೇಡ. ಹುಂಜ ಅಂದರೆ ಹುಡುಗಾಟವಲ್ಲ, ಗಂಡು ತಂದ ಹುಂಜವನ್ನು ಹೆಣ್ಣಿನ ಅಣ್ಣ ಕೈಯಾರೆ ಇಸಕೊಂಡರೇನೇ ಹೆಣ್ಣು ಕೊಟ್ಟ ಹಾಗೆ, ಇಲ್ಲದಿದ್ದರೆ ಅವರು ಹೊತ್ತು ತಂದ ಸಕ್ಕರೆ, ಸೋಪು, ಬಟ್ಟೆ ಎಲ್ಲಾ ಬರೀ ಸಾಮಾನು, ಹುಡುಗ ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೋಗಬೇಕು, ನನ್ನ ತಂಗಿ ಮಿರೆಂಬೆ ಅಳುತ್ತಾ ಒಳಗೆ ಬರಬೇಕು. ಅಣ್ಣ ಅಂತ ಇರೋದು ನಾನೊಬ್ಬನೇ, ಬಿಳೀ ಕಂಜು ನಿಲುವಂಗಿ ತೊಟ್ಟು, ಮೇಲೆ ಕೋಟು ಹಾಕಿ, ಉಗ್ರಾಣದಲ್ಲಿ ಕಡಲೆಕಾಯಿ ಮೂಟೆ ಮೇಲೆ ಕೂತಿದ್ದೀನಿ.

ಎದುರಿಗಿರೋ ಈ ಕಂಪ್ಯೂಟರ್ ಯಂತ್ರ ನನ್ನದೇ, ಆಫೀಸಿನವರು ಮುದಿಯಾಯ್ತು ಅಂತ ಬಿಸಾಕಿದ್ದನ್ನು ಹೊತ್ತು ತಂದದ್ದು, ಅಪ್ಪನನ್ನೂ ಊರೂರಿನ, ದೇಶದೇಶದ ನೆಂಟರನ್ನೂ ಪೆಂಡಾಲಿನ ದೊಡ್ಡ ಪರದೆಗೆ ಎಳೆದು ತರೋದು ಇದೇ. ನಿನ್ನೆ ಸಂಜೆ ಪರೀಕ್ಷೆಗೆ ಅಂತ ಎಲ್ಲರನ್ನೂ ಕರೆದರೆ ಏದುಸಿರು ಬಿಟ್ಟಿತು. ತಪ್ಪು ಅದರದ್ದಲ್ಲ, ಕರ್ನಲ್ಲಿನದು, ಯಂತ್ರದ ತೀರಾ ಒಳಗೆ ಕೂತು ಎಲ್ಲದಕ್ಕೂ ಹೂಂ ಉಹೂಂ ಅನ್ನೋ ಯಜಮಾನ, ಒಂದು ಹೊತ್ತಿಗೆ ಇಷ್ಟೇ ಸಂಪರ್ಕ ನೆನಪಿಟ್ಕೋತೀನಿ, ಆಮೇಲೆ ಬಂದವರಿಗೆ ಬಾಗಿಲು ಹಾಕ್ತೀನಿ ಅಂತ ಒಂದು ಮಿತಿ ಇಟ್ಟುಕೊಂಡಿರುತ್ತಾನೆ, ಇವನದ್ದು ಎಂಟು ಸಾವಿರ, ಕೇಳೋಕೆ ಜಾಸ್ತಿ, ಆದರೆ ಒಬ್ಬೊಬ್ಬ ನೆಂಟನೂ ನೂರಾರು ತಿಂತಾನೆ, ನೆಂಟರು ಅಂದ್ಮೇಲೆ ತಿನ್ನದೆ ಇರ್ತಾರಾ. ಸಿಸ್‌ಕಂಟ್ರೋಲ್ ಅಂತ ಒಂದು ಆಜ್ಞೆ ಇದೆ, ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿದರೆ ಯಜಮಾನ ತನ್ನ ಮಿತಿ ತೋರಿಸುತ್ತಾನೆ, ಮುಂದೆ ಹೊಸ ಅಂಕಿ ಕೊಟ್ಟರೆ ಕೂತಲ್ಲೇ ಒಪ್ಪುತ್ತಾನೆ, ಅರವತ್ತು ಸಾವಿರ ಅಂದೆ, ಒಪ್ಪಿದ, ಅಪ್ಪ ಪರದೆಯಲ್ಲಿ ಕಿಲಕಿಲ ನಕ್ಕ, ನರ್ಸಮ್ಮನಿಗೆ ನನ್ನ ತೋರಿಸಿ ನನ್ ಮಗ ಅಂದ. ಆದರೆ ಅದು ಬಾಯಿಮಾತಿನ ಒಪ್ಪಿಗೆ, ಯಂತ್ರ ಒಮ್ಮೆ ನಿಂತು ಎದ್ದರೆ ಯಜಮಾನನಿಗೆ ಪೂರ್ತಿ ಮರೆವು, ಖಾಯಂ ಆಗಬೇಕಾದರೆ ಅವನ ಸೆಟ್ಟಿಂಗ್ ಫೈಲಲ್ಲೂ ಒಂದು ಸಾಲು ಬರೆದಿಡಬೇಕು, ಬರೆಯೋಣ ಅಂತ ಬೆರಳೆತ್ತಿದ್ದೆ, ಅಷ್ಟರಲ್ಲಿ ಸೆಂಗಾ, ಅಪ್ಪನ ತಂಗಿ, ಈ ಮದುವೆಯ ದೊರೆಸಾನಿ ಅವರೇ, ಕಿಗೋಜೀ ಕುರ್ಚಿ ಸಾಲ್ತಿಲ್ಲ ಕಣೋ ಓಡು. ಕುರ್ಚಿ ತರೋಕೆ ಹೋದವನು ಹೋದೆ. ಇವತ್ತು ಸರಿಯಾದ ಹೊತ್ತಿಗೆ ಕರೆಂಟು ಹೋಯಿತು, ಜನರೇಟರು ಬಂತು, ಯಂತ್ರ ಎದ್ದಿತು, ಮಿತಿ ಮತ್ತೆ ಅದೇ ಎಂಟು ಸಾವಿರ, ನೆಂಟರೆಲ್ಲ ಒಟ್ಟಿಗೆ ಬಾಗಿಲು ಬಡಿದರು, ಅಪ್ಪ ಮಾತ್ರ ಒಂದು ಕ್ಷಣ ನುಸುಳಿ ಬಂದ, ಏನೋ ಹೇಳೋಕೆ ಬಾಯಿ ತೆರೆದ, ಅಲ್ಲೇ ನಿಂತ.

ಹೊರಗೆ ಮೈಕಿನಲ್ಲಿ ಗಂಡಿನ ಕಡೆಯ ಮಾತುಗಾರ, ಹೆಣ್ಣಿನ ಅಣ್ಣಾವ್ರು ಎಲ್ಲಪ್ಪಾ, ಊರಿಗೆ ಬಂದವರು ನೀರಿಗೆ ಬರಲ್ವಾ, ಹುಂಜಕ್ಕೇ ಮುಪ್ಪು ಬರ್ತಾ ಇದೆ, ನಮ್ಮ ಹುಡುಗ ಪಕ್ಕದ ಮನೆ ನೋಡ್ಲಾ, ನಗು, ನಮ್ಮ ಕಡೆಯ ಮಾತುಗಾರ ಬಿಡುತ್ತಾನಾ, ನೋಡ್ಲಿ ಸ್ವಾಮಿ, ಪಕ್ಕದ ಮನೇಲಿ ಒಬ್ಬಳೇ ಅಜ್ಜಿ ಇದಾಳೆ, ಹಲ್ಲಿಲ್ಲ, ಹುಂಜ ಉಳ್ಕೊಳ್ಳುತ್ತೆ, ಇನ್ನೂ ಜೋರು ನಗು. ನಗು ಇರೋವರೆಗೆ ಪರವಾಗಿಲ್ಲ, ನಗು ನಿಂತರೆ ಕಷ್ಟ. ಬಾಗಿಲಲ್ಲಿ ಸೆಂಗಾ, ಏನೋ ಮಾಡ್ತಿದ್ದೀಯ, ಮಿರೆಂಬೆ ಮಂಡಿಯೂರಿ ಕೂತು ಕಾಲು ಜೋಮು ಹಿಡೀತು, ಅಣ್ಣನಿಗೆ ಗಂಡು ಒಪ್ಪಿಗೆ ಇಲ್ವಂತೆ ಅಂತ ಗುಸುಗುಸು ಶುರುವಾಗಿದೆ, ಎರಡೇ ನಿಮಿಷ ಸೆಂಗಾ, ನಿನ್ನ ಎರಡು ನಿಮಿಷದಲ್ಲಿ ನಾನು ಎರಡು ಮದುವೆ ಮಾಡಿಸ್ತೀನಿ, ಅಣ್ಣಯ್ಯ ಯಾಕೆ ಹಂಗೆ ಬಾಯಿ ಬಿಟ್ಕೊಂಡಿದಾನೆ, ಸಿಕ್ಕಾಕ್ಕೊಂಡಿದಾನೆ ಸೆಂಗಾ, ಮರದಲ್ಲಿ ಸಿಕ್ಕಾಕ್ಕೊಂಡಿದ್ರೆ ಚೆನ್ನಾಗಿತ್ತು, ಬೀಳ್ತಿರ್ಲಿಲ್ಲ. ಬೆರಳು ಬೆವರುತ್ತಿದೆ, ಒಂದು ಅಕ್ಷರ ತಪ್ಪಿತು, ಅಂಥದ್ದು ಗೊತ್ತಿಲ್ಲ ಅಂದ ಯಜಮಾನ, ನಿಧಾನ, ನಿಧಾನ ಕಿಗೋಜಿ, ಮಿತಿ ಎಷ್ಟು, ಎಂಟು ಸಾವಿರ, ಈಗ ತುಂಬಿರೋದೆಷ್ಟು, ಎಂಟು ಸಾವಿರ, ನೋಡಿದ್ಯಾ, ಕಾಲಿಡೋಕೆ ಜಾಗ ಇಲ್ಲ, ಅರವತ್ತು ಸಾವಿರ ಮಾಡು ಮಾರಾಯ, ಮಾಡಿದ, ಹೊಸ ಅಂಕಿ ತಿರುಗಿ ಹೇಳಿ ತೋರಿಸಿದ, ಈ ಸಲ ಮೊದಲು ಫೈಲಿನಲ್ಲಿ ಬರೆದೆ, ಸೆಂಗಾ ಕರೆದರೂ ಸರಿ, ಸಾಕ್ಷಾತ್ ರಾಜನೇ ಕರೆದರೂ ಸರಿ, ಬರೆದು ಉಳಿಸಿ ಆಮೇಲೆ ತಲೆ ಎತ್ತಿದೆ. ತುಂಬಿರೋದು ಒಂಬತ್ತಾಯಿತು, ಹನ್ನೊಂದಾಯಿತು, ಹದಿನೈದು ಸಾವಿರಕ್ಕೆ ಹೋಗಿ ಸುಮ್ಮನಾಯಿತು, ಪೆಂಡಾಲಿನಿಂದ ಹೋ ಅಂತ ಸದ್ದು, ಜಿಂಜಾದ ಚಿಕ್ಕಪ್ಪ ಬಂದ್ರು, ದುಬೈ ಅಕ್ಕ ಬಂದ್ಲು, ಅಯ್ಯೋ ಅವಳ ಕೂದಲು ನೋಡ್ರೇ. ಎಲ್ಲರೂ ಕದಲುತ್ತಿದ್ದಾರೆ. ಅಪ್ಪ ಮಾತ್ರ ಬಾಯಿ ತೆರೆದುಕೊಂಡು ಹಾಗೇ.

ಯಜಮಾನನನ್ನೇ ಮತ್ತೆ ಕೇಳಿದೆ, ಮಿತಿ ಅರವತ್ತು ಸಾವಿರ, ತುಂಬಿರೋದು ಹದಿನೈದು, ಜಾಗ ಬೇಕಾದಷ್ಟಿದೆ, ಹಾಗಾದ್ರೆ ಅಪ್ಪನಿಗೇನು ರೋಗ, ಇನ್ನೊಂದು ಮಿತಿ ಇದೆಯಾ, ಬಾಗಿಲ ಮುಂದೆ ಸಾಲು ನಿಲ್ಲೋದಕ್ಕೊಂದು ಇರುತ್ತೆ, ಅದನ್ನೂ ನೋಡಿದೆ, ಅದೂ ಸರಿ, ಎಲ್ಲಾ ಸರಿ ಅಂತಿದಾನೆ ಯಜಮಾನ, ಆದರೂ ಅದೇ ಬಾಯಿ — ಆಮೇಲೆ ಅಪ್ಪನ ಹಿಂದೆ ಆಸ್ಪತ್ರೆಯ ಹಸಿರು ಪರದೆ ಗಾಳಿಗೆ ಉಬ್ಬಿ ಇಳಿಯಿತು. ನರ್ಸಮ್ಮ ಟ್ರೇ ಹಿಡಿದು ಹಾದುಹೋದರು. ಚಿತ್ರ ನಿಂತಿಲ್ಲ, ನಿಂತಿರೋದು ಅಪ್ಪ. ಅವನ ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಬಾಯಿಂದ ಹೂಂ ಬರಲಿಲ್ಲ, ಕಣ್ಣಿಂದ ನೀರು ಬಂತು. ಅಮ್ಮ ಹೋದಾಗ ಮಿರೆಂಬೆ ಕೈಗೂಸು, ಗಂಡಸಾಗಿ ಮಗೂನ ಬೆನ್ನಿಗೆ ಕಟ್ಕೋತೀಯಲ್ಲೋ ಅಂತ ಕೇರಿಯೆಲ್ಲ ನಕ್ಕರೂ ಅಪ್ಪ ಕಟ್ಟಿಕೊಂಡೇ ಕಾಫಿ ಗಿಡಗಳ ನಡುವೆ ಕಳೆ ಕೀಳುತ್ತಿದ್ದ, ಜುಟ್ಟು ಹಾಕೋಕೆ ಬರದೆ ಸೆಂಗಾ ಹತ್ತಿರ ಕಲಿತ, ಹೂಂ ಅನ್ನು ಅಪ್ಪಾ, ಒಂದೇ ಅಕ್ಷರ, ನಾನು ಕೂತಲ್ಲೇ ಅಳುತ್ತಿದ್ದೀನಿ, ನಗುತ್ತಲೂ ಇದ್ದೀನಿ, ಛೇ, ಕೋಟಿನ ತೋಳೆಲ್ಲ ಒದ್ದೆ. ಎದ್ದೆ. ಹೊರಗೆ ಬಿಸಿಲು, ಗುಂಪು ದಾರಿ ಬಿಟ್ಟಿತು, ಬಂದ್ರಪ್ಪಾ ಬಂದ್ರು, ಮೂಟೆ ಮೇಲೆ ನಿದ್ದೆ ಹೊಡೀತಿದ್ರು ಅಂತ ಮೈಕು, ಮುತ್ಯಾಬಾ, ನನ್ನ ತಂಗಿಯ ಗಂಡನಾಗಬೇಕಾದವನು, ಹುಂಜ ಹಿಡಿದು ನನ್ನ ಮುಂದೆ ಮಂಡಿಯೂರಿದ, ಮಿರೆಂಬೆ ನನ್ನ ನೋಡುತ್ತಿಲ್ಲ, ದೊಡ್ಡ ಪರದೆಯಲ್ಲಿ ಅಪ್ಪನನ್ನೇ ನೋಡುತ್ತಿದ್ದಾಳೆ, ಎಲ್ಲರೂ ಅದನ್ನೇ, ಜನರೇಟರಿನ ಸದ್ದೊಂದೇ, ಇನ್ನೂ ಸಿಕ್ಕಾಕ್ಕೊಂಡಿದಾರಾ ಅಂತ ಯಾರೋ ಪಿಸುಗುಟ್ಟಿದರು, ಇಲ್ಲ, ಯಂತ್ರ ಸರಿಯಾಗಿದೆ ಅಂದೆ. ಅಪ್ಪನ ತಲೆ ಒಮ್ಮೆ ಕೆಳಗೆ ಬಂತು. ಬಾಯಾರೆ ಅಂದಿದ್ದ, ತಲೆ ಆಡಿಸಿ ಹೇಳಿದ, ನನಗೆ ಸಾಕು, ಕೈ ಚಾಚಿದೆ, ಇಸಕೊಂಡೆ, ಹೆಂಗಸರ ಉಲುಲು ಕೂಗು ಎದ್ದಿತು, ಬೆರಳಿಗೆ ಬಿಸಿ ರೆಕ್ಕೆ, ಅದರೊಳಗೆ ಪಟಪಟ ಗುಂಡಿಗೆ, ಕುಣಿತ, ಡೋಲು, ಯಾರೋ ನನ್ನ ಬೆನ್ನು ತಟ್ಟುತ್ತಿದ್ದಾರೆ, ಮತ್ತೆ ಅಲ್ಲಿ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ, ಅಪ್ಪನ ಬಾಯಿ, ತೆರೆದೇ ಇದೆ, ಅಪ್ಪನ ಬಾಯಿ